ಸಾಲಿ ಬಿಟ್ಟ ಮೇಲೆ ಅರಿವು ಕೇಂದ್ರಕ್ಕೆ

ಮುರಗೋಡ, ಬೈಲಹೊಂಗಲ, ಸವದತ್ತಿ ಸೀಮೆಯ ಹಳ್ಳಿಗಳಲ್ಲಿ ಸಂಜೆ ಸಾಲಿ ಬಿಡುವ ಹೊತ್ತಿಗೆ ಎಷ್ಟೋ ಮಕ್ಕಳ ತಂದೆತಾಯಿ ಇನ್ನೂ ಹೊಲದಲ್ಲಿರುತ್ತಾರೆ. ಮನೆಗೆ ಬಂದ ಹುಡುಗ ಪಾಟಿಚೀಲ ಮೂಲೆಗಿಟ್ಟು ಮೊಬೈಲ್ ಹಿಡಿಯುತ್ತಾನೆ. ಹುಡುಗಿ ಕಸ, ನೀರು, ತಮ್ಮ-ತಂಗಿಯರ ಆರೈಕೆಗೆ ನಿಲ್ಲುತ್ತಾಳೆ. ಹಿಂದೆ ಗರಡಿಮನೆ, ಮಠದ ಅಂಗಳ, ಭಜನೆಗಳು ಈ ಹೊತ್ತನ್ನು ಒಂದಿಷ್ಟಾದರೂ ತುಂಬುತ್ತಿದ್ದವು, ಅದೂ ಹೆಚ್ಚಾಗಿ ಗಂಡುಮಕ್ಕಳಿಗೆ. ಈಗ ಪಟ್ಟಣದ ಅನುಕೂಲಸ್ಥರು ಟ್ಯೂಷನ್, ಕರಾಟೆ, ಸಂಗೀತದ ಕ್ಲಾಸುಗಳಿಗೆ ದುಡ್ಡು ಕಟ್ಟುತ್ತಾರೆ. ಕಟ್ಟಲಾಗದ ಮನೆಯ ಮಕ್ಕಳಿಗೆ ಹಳ್ಳಿಯಲ್ಲೇ ಒಂದು ಜಾಗವಿದೆ. ಅದೇ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಹೆಸರಲ್ಲಿ ಅರಿವು ಕೇಂದ್ರ.

ರಾಜ್ಯದ 5,600ಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ನವೆಂಬರ್ 14ರ ಮಕ್ಕಳ ದಿನದಂದು ಈ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪೂರ್ತಿ ಉಚಿತ. ಅಲ್ಲಿಯ ತನಕ ಹಿರಿಯರು ಪತ್ರಿಕೆ ಓದಿ ಹೋಗುತ್ತಿದ್ದ ಕೋಣೆಗಳಿಗೆ ಮಕ್ಕಳು ಬಂದರು. ‘ಪುಸ್ತಕ ಜೋಳಿಗೆ’ ಹಿಡಿದು ಮನೆಮನೆಯಿಂದ ಪುಸ್ತಕ ಕೂಡಿಸಿದ ಊರುಗಳಿವೆ. ಹಲವು ಕಡೆ ಕಂಪ್ಯೂಟರ್, ಚೆಸ್, ಕೇರಂ ಸೇರಿವೆ. ಗಟ್ಟಿಯಾಗಿ ಓದುವುದು, ಕಥೆ ಹೇಳುವುದು ನಡೆಯುತ್ತಿವೆ.

ಇಂಥ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ‘ಸರಸ್ವತಿ’ ಮಾಸಪತ್ರಿಕೆ ನಡೆಸಿದ ಆರ್. ಕಲ್ಯಾಣಮ್ಮ 1938ರಲ್ಲೇ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಬಾಲ್ಯದಲ್ಲೇ ವಿಧವೆಯಾದ ಆ ತಾಯಿ ನಗರದ ಮಕ್ಕಳಿಗೆ ಆಟ, ಹಾಡು, ನಾಟಕಕ್ಕೆ ಒಂದು ಮನೆ ಮಾಡಿಕೊಟ್ಟರು. ಪಾಠಪುಸ್ತಕದ ಆಚೆಗೂ ಮಗುವಿನ ಬೆಳವಣಿಗೆ ಇದೆ ಎಂಬ ಅವರ ನಂಬಿಕೆಯ ಗುರುತಾಗಿ ಮಕ್ಕಳ ಕೂಟದ ಹೆಸರು ಆ ಬಡಾವಣೆಯಲ್ಲಿ ಇಂದಿಗೂ ಉಳಿದಿದೆ.

ಶಾಲೆ ಬಿಟ್ಟ ಮೇಲಿನ ಚಟುವಟಿಕೆಗಳಿಂದ ನಿಜಕ್ಕೂ ಲಾಭವಿದೆಯೇ? ಅಮೆರಿಕದ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು ಅಂಥ ಹಲವು ಕಾರ್ಯಕ್ರಮಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಭಾಗವಹಿಸಿದ ಮಕ್ಕಳಲ್ಲಿ ಆತ್ಮವಿಶ್ವಾಸ, ಶಾಲೆಯ ಮೇಲಿನ ಪ್ರೀತಿ, ಅಂಕ ಹೆಚ್ಚಿದ್ದವು, ಪುಂಡಾಟಿಕೆ ತಗ್ಗಿತ್ತು. ಆದರೆ ಈ ಫಲ ಸಿಕ್ಕಿದ್ದು ಹಂತಹಂತವಾಗಿ ಕಲಿಸುವ, ಮಕ್ಕಳ ಕೈಯಿಂದಲೇ ಮಾಡಿಸುವ, ಏನು ಕಲಿಸಬೇಕೆಂಬ ಸ್ಪಷ್ಟತೆ ಇದ್ದ ಕಡೆ ಮಾತ್ರ. ಈ ಗುಣಗಳಿಲ್ಲದ ಕಡೆ ಹೇಳಿಕೊಳ್ಳುವ ಫಲ ಸಿಗಲಿಲ್ಲ.

ನಮ್ಮ ಅರಿವು ಕೇಂದ್ರಗಳಿಗೂ ಈ ಮಾತು ಸಲ್ಲುತ್ತದೆ. ಕಪಾಟಿಗೆ ಬೀಗ ಹಾಕಿ ಪುಸ್ತಕ ಕಾಯುವ ಗ್ರಂಥಾಲಯದಿಂದ ಮಗುವಿಗೆ ಏನೂ ದಕ್ಕದು. ಸೋಮವಾರ ಕಥೆ, ಮಂಗಳವಾರ ಚೆಸ್, ಬುಧವಾರ ತಾವೇ ಬರೆದದ್ದನ್ನು ಓದುವುದು ಹೀಗೆ ವಾರದ ಲೆಕ್ಕವಿದ್ದರೆ ಮಗು ತಾನಾಗಿ ಓಡಿ ಬರುತ್ತದೆ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಮಕ್ಕಳನ್ನು ಹೆಸರು ಹಿಡಿದು ಕರೆಯುವ ಮೇಲ್ವಿಚಾರಕರು ಬೇಕು, ಅವರಿಗೆ ತಿಂಗಳು ತಪ್ಪದೆ ಸಂಬಳ ಬೇಕು. ಹೆಣ್ಣುಮಕ್ಕಳು ಬರುವಂತಾಗಲು ಬೆಳಕು, ಶೌಚಾಲಯ ಬೇಕು.

ಪಂಚಾಯಿತಿ ಸದಸ್ಯರು ಮುಂದಿನ ಗ್ರಾಮಸಭೆಯಲ್ಲಿ ಗಟಾರ, ರಸ್ತೆಗಳ ಜತೆಗೆ ಈ ವಿಷಯವನ್ನೂ ಎತ್ತಲಿ. ನಿವೃತ್ತ ಮಾಸ್ತರರು ವಾರಕ್ಕೊಂದು ಸಂಜೆ ಕೊಡಲಿ. ತಾಯಂದಿರೇ, ತಂದೆಯರೇ, ನಾಳೆ ಸಂಜೆ ಮಗನ ಜತೆ ಮಗಳನ್ನೂ ಅರಿವು ಕೇಂದ್ರಕ್ಕೆ ಕಳಿಸಿರಿ. ಮನೆಗೆಲಸದ ಅವಳ ಪಾಲನ್ನು ಆ ಒಂದು ತಾಸು ಮನೆಯವರೆಲ್ಲ ಹಂಚಿಕೊಳ್ಳಿರಿ.