ಎಣಿಸುವುದೋ, ಅಳೆಯುವುದೋ

ಹುಬ್ಬಳ್ಳಿಯ ದೇಶಪಾಂಡೆ ನಗರದ ಸವಾಯಿ ಗಂಧರ್ವ ಸಭಾಂಗಣದಲ್ಲಿ ಒಂದು ಗಾಯನ ನಡೆಯಿತು, ಮೂವತ್ತು ಮಂದಿ ಬಂದಿದ್ದರು ಅನ್ನಿ. ಇಂಗ್ಲಿಷಿನಲ್ಲಿ 'ಫ್ಯೂ ಪೀಪಲ್ ಕೇಮ್' ಎಂದು ಬರೆದರೆ, ಮಂದಿಯೇ ಬರಲಿಲ್ಲ ಎಂಬ ಬೇಸರ. 'ಎ ಫ್ಯೂ ಪೀಪಲ್ ಕೇಮ್' ಎಂದರೆ, ಒಂದಿಷ್ಟು ಮಂದಿಯಾದರೂ ಬಂದರಲ್ಲ ಎಂಬ ಸಮಾಧಾನ. ಮೂವತ್ತು ಮೂವತ್ತೇ. ಬದಲಾದದ್ದು ಹೇಳುವವರ ಮನಸ್ಸು.

'ಲಿಟಲ್' ಕೂಡ ಹೀಗೆಯೇ. 'ಹಾಲು ಒಂದೀಟು ಐತಿ' ಅಂದರೆ ಚಹಾ ಆಗುತ್ತದೆ. ಅದು 'ಎ ಲಿಟಲ್ ಮಿಲ್ಕ್'. 'ಹಾಲು ಅಷ್ಟೇನಿಲ್ಲ' ಅಂದರೆ ಬಂದವರು ಎದ್ದು ಹೊರಡಬೇಕು. ಅದು ಬರೀ 'ಲಿಟಲ್ ಮಿಲ್ಕ್'.

ನಮಗೆ ತೊಡಕಾಗುವುದು 'ಎಷ್ಟು', 'ಭಾಳ' ಎಂಬೆರಡರಿಂದ. ಎಷ್ಟು ಮಿರ್ಚಿ, ಎಷ್ಟು ಚಹಾ, ಭಾಳ ಮಂದಿ, ಭಾಳ ಮಳಿ: ಕನ್ನಡದಲ್ಲಿ ಎಲ್ಲಕ್ಕೂ ನಡೆಯುತ್ತದೆ. ಇಂಗ್ಲಿಷ್ ಮೊದಲು ಇದು ಎಣಿಸುವ ವಸ್ತುವೋ ಅಳೆಯುವ ವಸ್ತುವೋ ಎಂದು ಕೇಳುತ್ತದೆ. ಮಿರ್ಚಿಯನ್ನು ಎಣಿಸುತ್ತೇವೆ, ಹಾಗಾಗಿ 'ಮೆನಿ', 'ಫ್ಯೂ'. ಗಿರಮಿಟ್ಟಿನ ಚುರುಮುರಿಯನ್ನು ಯಾರೂ ಎಣಿಸುವುದಿಲ್ಲ, ಹಾಗಾಗಿ 'ಮಚ್', 'ಲಿಟಲ್'. ಪ್ಲೇಟಿಗೆ ಹಾಕಿದರೆ ಮಾತ್ರ ಅದೂ ಎಣಿಕೆಗೆ ಸಿಗುತ್ತದೆ: 'ಹೌ ಮೆನಿ ಪ್ಲೇಟ್ಸ್?'

ಈ ಲೆಕ್ಕ ಎಲ್ಲ ಕಡೆ ನಮ್ಮ ತರ್ಕಕ್ಕೆ ಹೊಂದುವುದಿಲ್ಲ. ರುಪಾಯಿ ಎಣಿಕೆಯದು, 'ಹೌ ಮೆನಿ ರುಪೀಸ್'. ಆದರೆ 'ಮನಿ'ಗೆ 'ಹೌ ಮಚ್' ಬೇಕು. ಕುರ್ಚಿ, ಮೇಜು ಎಣಿಸಬಹುದು. ಅವನ್ನೆಲ್ಲ ಕೂಡಿಸಿ 'ಫರ್ನಿಚರ್' ಎಂದ ಕೂಡಲೇ ಎಣಿಕೆ ನಿಂತಿತು. ಲಗೇಜ್, ಇನ್ಫರ್ಮೇಷನ್, ಅಡ್ವೈಸ್ ಅದೇ ಗುಂಪಿನವು. ಅಂಗಡಿಯ ಬೋರ್ಡಿನ ಮೇಲೆ 'ಫರ್ನಿಚರ್ಸ್' ಎಂದಿದ್ದರೆ ವ್ಯಾಪಾರಕ್ಕೇನೂ ನಷ್ಟವಿಲ್ಲ. ನೌಕರಿಯ ಅರ್ಜಿಯಲ್ಲಿ 'ಇನ್ಫರ್ಮೇಷನ್ಸ್' ಎಂದು ಬರೆದರೆ ಮಾತ್ರ ಓದುವವರ ಕಣ್ಣು ಅಲ್ಲೇ ನಿಲ್ಲುತ್ತದೆ. ಎಣಿಸಲೇಬೇಕಾದರೆ 'ಟೂ ಪೀಸಸ್ ಆಫ್ ಇನ್ಫರ್ಮೇಷನ್' ಎನ್ನಬೇಕು.

'ಐ ಹ್ಯಾವ್ ಮಚ್ ವರ್ಕ್' ವ್ಯಾಕರಣದ ಪ್ರಕಾರ ತಪ್ಪಲ್ಲ, ಆದರೆ ಮಾತಿನಲ್ಲಿ ಯಾರೂ ಹಾಗನ್ನುವುದಿಲ್ಲ. ಬರೀ 'ಮಚ್' ಸಲೀಸಾಗಿ ಕೂಡುವುದು ಪ್ರಶ್ನೆಯಲ್ಲಿ, ಇಲ್ಲ ಎನ್ನುವ ವಾಕ್ಯದಲ್ಲಿ. ಇದೆ ಎನ್ನುವಾಗ 'ಎ ಲಾಟ್ ಆಫ್' ಒಳ್ಳೆಯದು. ಅದು ನಮ್ಮ 'ಭಾಳ'ದ ಹಾಗೆ ಮಂದಿಗೂ ಮಳೆಗೂ ಸಲ್ಲುತ್ತದೆ. ಅದರ ಮೊದಲಿನ 'ಎ' ನುಂಗಬೇಡಿ, ನಾವು ನುಂಗುವುದು ಹೆಚ್ಚು.

ಕಡಿಮೆ ಎನ್ನಲು ಎಣಿಕೆಗೆ 'ಫ್ಯೂವರ್', ಅಳತೆಗೆ 'ಲೆಸ್'. ಭಾನುವಾರ ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸು ಕಡಿಮೆ ಇದ್ದರೆ 'ಫ್ಯೂವರ್ ಬಸಸ್'. ಹುಬ್ಬಳ್ಳಿಯಿಂದ ಧಾರವಾಡದ ದೂರಕ್ಕೆ ಮಾತ್ರ 'ಲೆಸ್ ದ್ಯಾನ್ 25 ಕಿಲೋಮೀಟರ್ಸ್'. ಕಿಲೋಮೀಟರನ್ನು ಎಣಿಸಬಹುದು, ನಿಜ. ಆದರೆ ಇಲ್ಲಿ ಹೇಳುತ್ತಿರುವುದು ಒಟ್ಟು ದೂರವನ್ನು. ಹೊತ್ತಿಗೂ ಹಣಕ್ಕೂ ಇದೇ ರೀತಿ.