ಸದ್ದಿಲ್ಲದೆ ಸವೆಯುವ ಶ್ವಾಸಕೋಶ

ನಮ್ಮ ಮಿತ್ರರೊಬ್ಬರು ಮೈಸೂರಿನವರು, ವಯಸ್ಸು ನಲವತ್ತೆಂಟು. ಆಷಾಢದ ಶುಕ್ರವಾರಗಳಂದು ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಎಲ್ಲಿಯೂ ಕೂರದೆ ಹತ್ತುತ್ತಿದ್ದುದು ಅವರ ಹೆಮ್ಮೆಯಾಗಿತ್ತು. ಕೆಲವು ವರ್ಷಗಳಿಂದ ದೊಡ್ಡ ಬಸವನ ಬಳಿ ಹೆಚ್ಚು ಹೊತ್ತು ನಿಲ್ಲತೊಡಗಿದರು. ಬಸವನ ಮೇಲೆ ಭಕ್ತಿ ಹೆಚ್ಚಿತೆಂದು ನಾವು ತಿಳಿದೆವು. ಅವರೂ ಹಾಗೆಯೇ ತಿಳಿದಂತಿತ್ತು. ಬಳಿಕ ಮೆಟ್ಟಿಲನ್ನು ಬಿಟ್ಟು ಬಸ್ಸು ಹಿಡಿದರು. ಬೆಳಗಿನ ಕೆಮ್ಮನ್ನು ಸಿಗರೇಟಿನ ಲೆಕ್ಕಕ್ಕೂ ಏದುಸಿರನ್ನು ವಯಸ್ಸಿನ ಲೆಕ್ಕಕ್ಕೂ ಬರೆದು ಸುಮ್ಮನಾದರು. ಕಳೆದ ವರ್ಷ ನೆಗಡಿಯೊಂದು ಎದೆಗಿಳಿದು ತಿಂಗಳಾದರೂ ಬಿಡದಿರಲು, ವೈದ್ಯರು ಅವರಿಂದ ಕೊಳವೆಯೊಂದರಲ್ಲಿ ಊದಿಸಿ ನೋಡಿದರು. ಸಿ.ಓ.ಪಿ.ಡಿ. ಎಂದು ಕರೆಯಲ್ಪಡುವ ದೀರ್ಘಕಾಲದ ಶ್ವಾಸಾವರೋಧ ರೋಗದ ಮೊದಲ ಹಂತವೆಂದು ತಿಳಿದುಬಂದಿತು.

ಇಷ್ಟು ವರ್ಷ ಈ ರೋಗವು ಎಲ್ಲಿ ಅಡಗಿತ್ತು? ಶ್ವಾಸನಾಳವು ಮರದ ಬೊಡ್ಡೆಯಂತೆ ಆರಂಭವಾಗಿ, ಇಪ್ಪತ್ತಕ್ಕೂ ಹೆಚ್ಚು ಬಾರಿ ಕವಲೊಡೆದು, ಕೊನೆಗೆ 30 ಕೋಟಿಗೂ ಮಿಕ್ಕ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಇವುಗಳ ಗೋಡೆಗಳನ್ನು ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರು, ಎಂದರೆ ಸಾಧಾರಣವಾದ ಒಂದು ಮನೆಯ ನೆಲದಷ್ಟಾಗುವುದು. ರೋಗದ ಆರಂಭವಾಗುವುದು 2 ಮಿಲಿಮೀಟರಿಗಿಂತ ಸಣ್ಣ ನಾಳಗಳಲ್ಲಿ. ಹೊಗೆಯ ಕಾಟಕ್ಕೆ ಇವುಗಳ ಒಳಗೋಡೆ ಊದಿ, ದಪ್ಪವಾಗಿ, ಕೆಲವು ಅಳಿದೇ ಹೋಗುತ್ತವೆ. ಆದರೆ ಇವುಗಳ ಸಂಖ್ಯೆ ಅಪಾರ. ನಾಲೆಯ ನೀರು ನೂರಾರು ಕಿರುಗಾಲುವೆಗಳಿಗೆ ಹಂಚಿಹೋಗುವಲ್ಲಿ ಹತ್ತು ಕಾಲುವೆಗಳು ಹೂತುಹೋದರೂ ತೂಬಿನ ಬಳಿ ನಿಂತವನಿಗೆ ಅದು ತಿಳಿಯದು. ಮೇಲಾಗಿ, ಏದುಸಿರು ಬರುವ ಕೆಲಸವನ್ನು ಮನುಷ್ಯನು ತನಗರಿವಿಲ್ಲದೆಯೇ ಬಿಡುತ್ತ ಹೋಗುತ್ತಾನೆ. ಮೆಟ್ಟಿಲು ಬಿಟ್ಟವನಿಗೆ ಮೆಟ್ಟಿಲಿನ ಏದುಸಿರೂ ಇಲ್ಲವಷ್ಟೆ!

ಉಸಿರನ್ನು ಅಳೆಯುವ ವಿದ್ಯೆ ಹೊಸದಲ್ಲ. ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ನೀರಿನಲ್ಲಿ ಬೋರಲಾಗಿ ತೇಲುವ ಪಾತ್ರೆಯೊಂದರ ಸಹಾಯದಿಂದ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಅಳೆದು, 1846ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. ಅವನು ಅಳೆದದ್ದು ಎಷ್ಟು ಗಾಳಿ ಎಂಬುದನ್ನು. ಎಷ್ಟು ಬೇಗ ಎಂಬುದನ್ನು ಲೆಕ್ಕಕ್ಕೆ ತಂದವನು ಫ್ರಾನ್ಸಿನ ಟಿಫನೋ, 1947ರಲ್ಲಿ. ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದ ಗಾಳಿಯನ್ನು ಒಟ್ಟು ಗಾಳಿಯಿಂದ ಭಾಗಿಸಬೇಕು. ನಾಳಗಳನ್ನು ಹಿಗ್ಗಿಸುವ ಔಷಧವನ್ನು ಕೊಟ್ಟ ಮೇಲೂ ಉತ್ತರವು 0.70ಕ್ಕಿಂತ ಕಡಿಮೆಯಿದ್ದರೆ ಅಡಚಣೆ ಉಂಟೆಂದು ಅರ್ಥ. ನಮ್ಮ ಮಿತ್ರರದು 0.64. ಈ ಹಂತದಲ್ಲಿ ಎದೆಯ ಎಕ್ಸರೇ ಚಿತ್ರವು ನಿರ್ಮಲವಾಗಿರುವುದು ಸಾಮಾನ್ಯ. ಅವರದೂ ಹಾಗೆಯೇ ಇದ್ದಿತು. ನಲವತ್ತು ದಾಟಿದವರ ರಕ್ತದ ಒತ್ತಡವನ್ನು ಕೇಳದೆಯೇ ನೋಡುವ ನಾವು ಉಸಿರನ್ನು ಮಾತ್ರ ಏಕೆ ಮರೆತಿದ್ದೇವೆಯೋ!

ಇನ್ನು ಮುಂದೇನು? ಅಮೆರಿಕ ಮತ್ತು ಕೆನಡಾಗಳಲ್ಲಿ, ಇಂತಹುದೇ ಆರಂಭದ ಅಡಚಣೆಯಿದ್ದ 35ರಿಂದ 60 ವಯಸ್ಸಿನ 5,887 ಧೂಮಪಾನಿಗಳನ್ನು ಆರಿಸಿಕೊಂಡು ಒಂದು ದೊಡ್ಡ ಅಧ್ಯಯನ ನಡೆಯಿತು. ಅವರಲ್ಲಿ ಅನೇಕರನ್ನು ಹನ್ನೊಂದು ವರ್ಷಗಳ ಬಳಿಕ ಮತ್ತೆ ಪರೀಕ್ಷಿಸಿ, 2002ರಲ್ಲಿ ಫಲವನ್ನು ಪ್ರಕಟಿಸಿದರು. ಸೇದುವುದನ್ನು ನಿಲ್ಲಿಸಿದ ಗಂಡಸರು ಆ ಮೊದಲ ಸೆಕೆಂಡಿನ ಗಾಳಿಯಲ್ಲಿ ವರ್ಷಕ್ಕೆ ಸುಮಾರು 30 ಮಿಲಿಲೀಟರನ್ನು ಕಳೆದುಕೊಂಡಿದ್ದರು. ನಿಲ್ಲಿಸದವರು 66 ಮಿಲಿಲೀಟರನ್ನು. ಹದಿನೈದು ವರ್ಷಗಳಿಗೆ ಗುಣಿಸಿದರೆ ಅಂತರವು ಅರ್ಧ ಲೀಟರನ್ನು ಮೀರುತ್ತದೆ. ಅರವತ್ತು ದಾಟಿದ ಮೇಲೆ ಸಂತೆಗೆ ನಡೆದುಹೋಗುವುದೋ, ಮಂಚದಿಂದ ಬಚ್ಚಲಿಗೆ ಹೋಗಲು ಪ್ರಯಾಸಪಡುವುದೋ ಎಂಬುದು ಈ ಅರ್ಧ ಲೀಟರಿನಲ್ಲಿ ನಿರ್ಧಾರವಾಗಬಹುದು. ನಾಳಗಳನ್ನು ಹಿಗ್ಗಿಸಲು ಅದೇ ಅಧ್ಯಯನದಲ್ಲಿ ಕೊಟ್ಟ ಔಷಧವು ಈ ಇಳಿತದ ವೇಗವನ್ನು ತಗ್ಗಿಸಲಿಲ್ಲ. ಹೋದ ಭಾಗವು ಮರಳಿ ಬಾರದು, ಉಳಿದುದನ್ನು ಉಳಿಸಿಕೊಳ್ಳಬಹುದು. ನಮ್ಮ ಮಿತ್ರರು ಎರಡು ಬಾರಿ ಬಿಟ್ಟು ಎರಡು ಬಾರಿಯೂ ಸೋತರು. ಮೂರನೆಯ ಸಲ, ನಿಕೋಟಿನ್ ಬೆರೆತ ಅಂಟನ್ನು ಅಗಿಯುತ್ತ, ಮನೆಯವರ ಮೇಲೆಲ್ಲ ರೇಗುತ್ತ, ಹೇಗೋ ದಡ ಸೇರಿದರು.

ವೈದ್ಯರು ಎರಡನೆಯದಾಗಿ ವಿಧಿಸಿದ್ದು ನಡಿಗೆ. ಏದುಸಿರಿಗೆ ಹೆದರಿ ಕುಳಿತರೆ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುವು ಅದೇ ಕೆಲಸಕ್ಕೆ ಹೆಚ್ಚು ಉಸಿರನ್ನು ಬೇಡುತ್ತದೆ. ಉಸಿರು ಮೇಲೆ ಬಂದಾಗ ತುಟಿಗಳನ್ನು ಸೀಟಿ ಊದುವವರಂತೆ ಕಿರಿದುಮಾಡಿ ನಿಧಾನವಾಗಿ ಹೊರಬಿಟ್ಟರೆ, ಸಣ್ಣ ನಾಳಗಳು ಕುಸಿದು ಮುಚ್ಚಿಕೊಳ್ಳದೆ, ಒಳಗೆ ಸಿಕ್ಕಿಕೊಂಡ ಗಾಳಿಯು ಹೊರಬೀಳುತ್ತದೆ. ಎದೆಗೆ ಸೇದುವ ಔಷಧದ 'ಪಂಪು' ಚಟ ಹಿಡಿಸುತ್ತದೆಂದು ಅಂಜುವವರುಂಟು, ಅದು ನಿಜವಲ್ಲ. ಔಷಧವು ನೇರವಾಗಿ ನಾಳಗಳಿಗೇ ತಲಪುವುದರಿಂದ ಗುಳಿಗೆಗಿಂತ ಎಷ್ಟೋ ಕಡಿಮೆ ಪ್ರಮಾಣವು ಸಾಕಾಗುತ್ತದೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ ಹಾಕಿಸಿಕೊಳ್ಳುವುದು ಒಳ್ಳೆಯದು. ಮಿತ್ರರು ಈಗ ಮತ್ತೆ ಮೆಟ್ಟಿಲು ಹತ್ತುತ್ತಾರೆ. ಬಸವನ ಬಳಿ ಇಂದಿಗೂ ನಿಲ್ಲುತ್ತಾರೆ, ಆದರೆ ಕಾರಣವನ್ನು ಬಲ್ಲರು.

ಸಿಗರೇಟನ್ನೇ ಮುಟ್ಟದವರು ಇದರಿಂದ ದೂರವೆಂದು ಭಾವಿಸಬಾರದು. ಡಾಕ್ಟರ್ ಪದ್ಮಾವತಿ ಮತ್ತು ಪಾಠಕ್ 1959ರಲ್ಲಿ ದೆಹಲಿಯ 127 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಶ್ವಾಸಕೋಶದ ಕೇಡಿನಿಂದ ಹೃದಯದ ಬಲಭಾಗವು ದಣಿದವರು ಅವರೆಲ್ಲ. ಧೂಮಪಾನವಿಲ್ಲದ ಹೆಂಗಸರಲ್ಲಿಯೂ ಈ ಕೇಡನ್ನು ಕಂಡು, ಅವರ ಸಂದೇಹವು ಅಡಿಗೆಯ ಒಲೆಯ ಹೊಗೆಯ ಕಡೆಗೆ ತಿರುಗಿತು. ಬಳಿಕ ನಡೆದ ಅಧ್ಯಯನಗಳು ಆ ಸಂದೇಹವನ್ನು ಬಲಪಡಿಸಿವೆ. ಆದರೂ "ಸೇದುವ ಅಭ್ಯಾಸವುಂಟೇ?" ಎಂಬ ಪ್ರಶ್ನೆಗೆ "ಇಲ್ಲ" ಎಂದ ಹೆಂಗಸಿನ ವಿಚಾರಣೆಯು ಅಲ್ಲಿಗೇ ಮುಗಿಯುವುದುಂಟು.

ನಮ್ಮ ಮಿತ್ರರ ಅಕ್ಕ ಹಳ್ಳಿಯಲ್ಲಿದ್ದಾರೆ; ಮೂವತ್ತು ವರ್ಷ ಊದುಗೊಳವೆ ಹಿಡಿದವರು. ತಮ್ಮನ ಸಂಗತಿ ತಿಳಿದ ಮೇಲೆ ಅವರನ್ನೂ ಕರೆತಂದು ಊದಿಸಿದರು. 0.61 ಎಂದು ಬಂದಿತು. ಅಡಿಗೆಗೆ ಗ್ಯಾಸು ಬಂದು ವರ್ಷಗಳಾಗಿವೆ. ಬಚ್ಚಲಿನ ಹಂಡೆಯ ಒಲೆಗೆ ಮಾತ್ರ ಇನ್ನೂ ಸೌದೆಯೇ. ಅದನ್ನು ತೆಗೆಸುವ ಮಾತು ಆ ಮನೆಯಲ್ಲಿ ಈಗ ನಡೆದಿದೆ.