ಚಂಡೆಯ ಪೆಟ್ಟಿಗಿಂತ ಮೊದಲೇ ಕೇಳುವ ಸದ್ದು

ಯಕ್ಷಗಾನದ ಟೆಂಟ್ ಆಟದ ಕಾಲ. ಧ್ವನಿವರ್ಧಕದ ಕಂಬದ ಬುಡದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಬೆಳಗಿನ ತನಕ ಕೂರುವ ಅಭಿಮಾನಿಗಳಿದ್ದರು. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಅರ್ಧ ಗಂಟೆ. ಏರುಪದದ ನಡುವೆ ‘ಟಕ್’ ಎಂದು ಗುಂಡಿ ಮೇಲೆದ್ದರೆ, ಮಗುಚಿ ಹಾಕುವಷ್ಟರಲ್ಲಿ ಒಂದು ಸಾಲು ಗಾಳಿಪಾಲು.

ಗುಂಡ್ಮಿ ಕಾಳಿಂಗ ನಾವಡರ ದನಿ ನಮಗೆ ಉಳಿದದ್ದು ಇಂಥ ಟೇಪುಗಳಲ್ಲೇ. 1958ರಲ್ಲಿ ಹುಟ್ಟಿದ, ಸಾಲಿಗ್ರಾಮ ಮೇಳದಲ್ಲಿ ಮೆರೆದ, ‘ನಾಗಶ್ರೀ’ ಪ್ರಸಂಗ ಬರೆದ ಭಾಗವತರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ‘ಎಂಪಿ3’ ಎಂಬ ಹೆಸರು ಜರ್ಮನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು ಐದು ವರ್ಷದ ನಂತರ, 1995ರಲ್ಲಿ. ಈಗ ಬ್ರಹ್ಮಾವರದಿಂದ ಬೈಂದೂರಿನವರೆಗೆ ಮೊಬೈಲುಗಳಲ್ಲಿ ಹರಿದಾಡುವ ಅವರ ಪದಗಳೆಲ್ಲ ಟೇಪಿನಿಂದ ದಾಟಿ ಬಂದವು.

ದಾಟುವಾಗ ಮೊದಲ ಪೆಟ್ಟು ಶ್ರುತಿಗೆ. ಬ್ಯಾಟರಿ ಸೊರಗಿ ನಿಧಾನ ಓಡಿದ ಟೇಪು, ಸರಿಯಾದ ವೇಗದ ಯಂತ್ರದಲ್ಲಿ ಹಾಕಿದಾಗ ಮೇಲೇರುತ್ತದೆ. ವೇಗ ಶೇ 6ರಷ್ಟು ತಪ್ಪಿದರೆ ಸಾಕು, ಕಪ್ಪು ಒಂದರ ಪದ ಬಿಳಿ ಎರಡಕ್ಕೆ ಹೋಗುತ್ತದೆ. ಟೇಪಿನ ಹೆಡ್ ಓರೆಯಾಗಿದ್ದರೆ ತಾಳದ ಹೊಳಪೇ ಮಂಕು.

ಎರಡನೆಯ ಪೆಟ್ಟು ಕಂಪ್ಯೂಟರಿನೊಳಗೆ. ಸಿ.ಡಿ. ಗುಣಮಟ್ಟವೆಂದರೆ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು ಬರೆದಿಡುವುದು. ಗಂಟೆಯೊಂದಕ್ಕೆ ಸುಮಾರು 635 ಎಂ.ಬಿ. ಬೇಕು. 128 ಕೆಬಿಪಿಎಸ್ ಎಂಪಿ3ಗೆ 58 ಎಂ.ಬಿ. ಸಾಕು. ಕಿವಿಗೆ ಬೀಳದೆಂದು ಲೆಕ್ಕ ಹಾಕಿದ್ದನ್ನು ಅದು ಬಿಸಾಡುತ್ತದೆ. ಆ ಲೆಕ್ಕ ಎಡವುವುದು ಚಂಡೆಯಂಥ ವಾದ್ಯದಲ್ಲಿ. ಎಂಪಿ3 ಸದ್ದನ್ನು ಸುಮಾರು 26 ಮಿಲಿಸೆಕೆಂಡಿನ ತುಂಡುಗಳಾಗಿ ನೋಡುತ್ತದೆ. ಮೌನದ ಬೆನ್ನಿಗೇ ಪೆಟ್ಟು ಬಿದ್ದರೆ, ಕತ್ತರಿಸಿದ್ದರ ಕಸ ಇಡೀ ತುಂಡಿಗೆ ಹರಡಿ, ಪೆಟ್ಟಿಗಿಂತ ಮುಂಚೆಯೇ ‘ಸ್ಸ್’ ಎಂದು ಕೇಳಿಸುತ್ತದೆ. ಅಲ್ಲಿ ತುಂಡುಗಳನ್ನು ಚಿಕ್ಕದು ಮಾಡುವ ಉಪಾಯ ಎಂಪಿ3ಯಲ್ಲೇ ಇದೆ. ಆದರೆ ಫೈಲನ್ನು ತೀರಾ ಹಿಂಡಿದಾಗ ಅದೂ ಕೈಕೊಡುತ್ತದೆ.

ಹಿಂಡಿದ್ದನ್ನೇ ಮತ್ತೆ ಹಿಂಡುವುದು ಇನ್ನೂ ಕೆಟ್ಟದ್ದು. ಎಂಪಿ3 ಕತ್ತರಿಸಿ ಮತ್ತೆ ಎಂಪಿ3 ಮಾಡಿ, ವಿಡಿಯೊಗೆ ಅಂಟಿಸಿ, ಅದರಿಂದ ಪುನಃ ಆಡಿಯೊ ತೆಗೆದರೆ ಪ್ರತಿ ಸಲವೂ ಒಂದಿಷ್ಟು ಖೋತಾ. ಕೊನೆಗೆ ಭಾಗವತರ ದನಿ ಹೇಗೋ ಉಳಿದರೂ ಚಂಡೆ ನೀರಲ್ಲಿ ಅದ್ದಿ ಬಾರಿಸಿದ ಹಾಗೆ. ಎಂಪಿ3ಯನ್ನು ಹಿಂಡದ ‘ವೇವ್’ ಫೈಲು ಮಾಡಿದರೆ ಫೈಲು ಊದುತ್ತದೆಯೇ ಹೊರತು ಹೋದದ್ದು ಬರುವುದಿಲ್ಲ.

2001ರಲ್ಲಿ ಬಂದ ‘ಫ್ಲಾಕ್’ ಇದಕ್ಕೆ ಮದ್ದು. ಅದು ಏನನ್ನೂ ಬಿಸಾಡದೆ ಮಡಚಿಡುತ್ತದೆ. ಜಾಗ ಹೆಚ್ಚುಕಡಿಮೆ ಅರ್ಧಕ್ಕಿಳಿದರೂ ಬಿಚ್ಚಿದಾಗ ಒಂದಂಕಿಯೂ ಬದಲಾಗಿರದು. ಧ್ವನಿಸಂಗ್ರಹಕಾರರ ಅಂತರರಾಷ್ಟ್ರೀಯ ಸಂಘ ಹಳೆಯ ಟೇಪುಗಳಿಗೆ ಹೇಳುವ ಕನಿಷ್ಠ ಅಳತೆ 48 ಕಿಲೋಹರ್ಟ್ಸ್, 24 ಬಿಟ್. ಹಾಗೆ ಒಮ್ಮೆ ಇಳಿಸಿ ಫ್ಲಾಕಿನಲ್ಲಿ ಮೂಲಪ್ರತಿ ಇಟ್ಟುಕೊಂಡರೆ, ಹಂಚಲು ಬೇಕಾದ ಎಂಪಿ3ಯನ್ನು ಎಷ್ಟು ಸಲ ಬೇಕಾದರೂ ಅದರಿಂದಲೇ ತೆಗೆಯಬಹುದು. ಮಾರಣಕಟ್ಟೆ, ಮಂದಾರ್ತಿ ಮೇಳಗಳ ಇಂದಿನ ಆಟ ದಾಖಲಿಸುವವರಿಗೂ ಇದೇ ಮಾತು: ಮೊದಲ ಪ್ರತಿಯನ್ನು ಹಿಂಡಬೇಡಿ.

ಇಳಿಸಿಯಾಯಿತೆಂದು ಕ್ಯಾಸೆಟ್ಟನ್ನು ಗುಜರಿಗೆ ಹಾಕುವುದೂ ಬೇಡ. ನಾಳೆ ಇನ್ನೂ ಒಳ್ಳೆಯ ಯಂತ್ರ ಸಿಕ್ಕೀತು. ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಕರಾವಳಿಯಲ್ಲಿ ಮಳೆ ಶುರು, ಟೇಪಿಗೆ ಬೂಷ್ಟು ಶುರು. ಅಟ್ಟದ ಮೇಲಿನ ಡಬ್ಬಿಯನ್ನು ಅದಕ್ಕೂ ಮೊದಲು ಕೆಳಗಿಳಿಸಬೇಕು.